ಕೆಜಾಯಳ ಕಲ್ಲು

ನಾರ್ತ್ ಎಲ್ಡನ್ ಊರಿಗೆ ಡಯಲ್ ಟೆಲಿಫೋನು ಬಂದ ವರ್ಷ ವರ್ನಾ ಹ್ಯಾಡ್ಲಾಕ್‌ಗೆ ಐವತ್ತಾರು ತುಂಬಿತ್ತು. ಮೂವತ್ತೆರಡು ವರ್ಷ ಅಂಚೆ ಕಚೇರಿಯ ಮೇಲಿನ ಕೋಣೆಯಲ್ಲಿ ಟೆಲಿಫೋನ್ ಹಲಗೆಯ ಮುಂದೆ ಕೂತು ಊರಿನವರ ಮಾತನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ದಾಟಿಸಿದವಳು ಅವಳು. ಯಾರಿಗೆ ಹೆರಿಗೆ ನೋವು ಬಂತು, ಯಾರ ಹಸು ಹಿಮದಲ್ಲಿ ಸಿಕ್ಕಿಕೊಂಡಿತು, ಯಾರು ಯಾರೊಡನೆ ಮಾತು ಬಿಟ್ಟರು ಎಲ್ಲವೂ ಅವಳ ಕಿವಿಯನ್ನು ಹಾದೇ ಹೋಗಿತ್ತು. ಆದರೆ ಅದರಲ್ಲಿ ಒಂದಕ್ಷರವೂ ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಊರಿನವರು ಅದಕ್ಕಾಗಿ ಅವಳನ್ನು ಗೌರವಿಸುತ್ತಿದ್ದರು, ಸ್ವಲ್ಪ ಹೆದರುತ್ತಲೂ ಇದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಪ್ಪಿಹೋಗಿತ್ತು. ಗಿರಣಿ ಕೆರೆಯ ದಂಡೆಯ ಮರದ ಮನೆಯಲ್ಲಿ ಅವಳು, ಒಂದು ಬೂದು ಬೆಕ್ಕು, ಅಷ್ಟೇ.

ಡಯಲ್ ಬಂದು ಕೆಲಸ ಹೋದ ಮಾರನೆಯ ತಿಂಗಳು, ಮಾರ್ಚ್ ಕೆಸರಿನಲ್ಲಿ ಬೂಟು ಎಳೆಯುತ್ತ ಅವಳ ದೊಡ್ಡಪ್ಪನ ಮಗ ಆರಿನ್ ಹಿಂಬಾಗಿಲಿಗೆ ಬಂದ. ದನದ ಮೇವಿನ ಅಂಗಡಿ ಅವನದು. ಚರ್ಚಿನ ಹಿರಿಯರಲ್ಲೂ ಒಬ್ಬ. ಅಡುಗೆಮನೆಯಲ್ಲಿ ಕೂತು, ಹೇಳದೆ ಕೇಳದೆ ಸೇಬಿನ ಪೈ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಸುಮ್ನೆ ಕೂತು ಕೂತು ನಿನ್ನ ಬೆಕ್ಕಿನ ಥರ ಆಗ್ತೀಯ ನೋಡು. ನಿಂಗೊಂದು ಕೆಲಸ ತಂದಿದೀನಿ."

"ನೀನು ತಂದಿದ್ದು ಅಂದ್ಮೇಲೆ ಪುಕ್ಕಟೆ ಕೆಲಸವೇ ಇರ್ಬೇಕು," ಎಂದಳು ವರ್ನಾ.

"ಪುಣ್ಯದ ಕೆಲಸ ಮಾರಾಯ್ತಿ. ಬರೋ ವರ್ಷ ಆಗಸ್ಟಿಗೆ ಎನೋಸಜ್ಜ ಇಲ್ಲಿ ಮೊದಲ ಮರ ಕಡಿದು ಮುನ್ನೂರು ವರ್ಷ. ಎಲ್ಲೆಲ್ಲಿರೋ ಹ್ಯಾಡ್ಲಾಕರನ್ನೆಲ್ಲ ಸೇರಿಸ್ತೀವಿ. ಗ್ರಾನೈಟಿಂದು ಹೊಸ ಕಲ್ಲು ನಿಲ್ಲಿಸ್ತೀವಿ. ಅಜ್ಜನ ವಂಶದ್ದು ಒಂದು ಪುಸ್ತಕ ಬೇಕು. ಹಡಗಿಂದ ಇಳಿದ ದಿನದಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ. ನಿನ್ನಷ್ಟು ತಾಳ್ಮೆ ನಮ್ಮಲ್ಲಿ ಯಾರಿಗಿದೆ?"

ಎನೋಸ್ ಹ್ಯಾಡ್ಲಾಕನ ಕಥೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. 1661ರಲ್ಲಿ ಕೊಡಲಿ, ಒಂದು ಎತ್ತು, ಒಂದು ಬೈಬಲ್ ಹಿಡಿದು ನದಿಯ ಗುಂಟ ಮೇಲೆ ಬಂದವನು. 1696ರ ಚಳಿಗಾಲದಲ್ಲಿ ಉತ್ತರದ ಕೆನಡಾದಲ್ಲಿದ್ದ ಫ್ರೆಂಚರೂ ಅವರ ಜೊತೆಗಾರ ಮೂಲನಿವಾಸಿ ಮೊಹಾಕರೂ ಹಿಮದ ಮೇಲೆ ನಡೆದು ಬಂದು ಊರಿಗೆ ಬೆಂಕಿಯಿಟ್ಟಾಗ ಅವನ ಏಳು ವರ್ಷದ ಮಗಳು ಕೆಜಾಯ ಸತ್ತಳು. ಹಳೆಯ ಸ್ಮಶಾನದ ಮೂಲೆಯಲ್ಲಿ ಅವಳ ಕಪ್ಪು ಕಲ್ಲಿದೆ. ಮೇಲೆ ರೆಕ್ಕೆಯಿರುವ ತಲೆಬುರುಡೆ, ಕೆಳಗೆ ಹೆಸರು. ಎರಡು ವರ್ಷ ಕಳೆದು ಹುಟ್ಟಿದ ಹುಡುಗಿಗೂ ಕೆಜಾಯ ಎಂದೇ ಹೆಸರಿಟ್ಟರು. ಅಲ್ಲಿಂದ ಮುಂದೆ ಒಂದೊಂದು ತಲೆಮಾರಿಗೂ ಒಬ್ಬ ಕೆಜಾಯ. ವರ್ನಾಳ ತಲೆಮಾರಿನಲ್ಲಿ ಆ ಹೆಸರು ಬಿದ್ದದ್ದು ಅವಳ ತಂಗಿಯ ಪಾಲಿಗೆ. ಆ ತಂಗಿಯ ಸುದ್ದಿ ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆರಿನ್ ಕೂಡ ಎತ್ತಲಿಲ್ಲ.

ವರ್ನಾ ಕೆಲಸಕ್ಕೆ ಕೂತಳು. ಕೂತಮೇಲೆ ಬಿಡುವವಳಲ್ಲ. ವಸಂತವೆಲ್ಲ ಊರ ಕಚೇರಿಯಲ್ಲಿ ಜಮೀನಿನ ಪತ್ರ ಓದಿದಳು. ಬೇಸಿಗೆಯೆಲ್ಲ ಸ್ಮಶಾನದಲ್ಲಿ ಮಂಡಿಯೂರಿ ಪಾಚಿ ಕೆರೆದು ಹೆಸರು ಬರೆದುಕೊಂಡಳು. ಮುನ್ನೂರು ವರ್ಷದ ಹಿಂದಿನ ಕೈಬರಹ ಮೊದಮೊದಲು ಕೋಳಿ ಕೆದರಿದಂತೆ ಕಂಡಿತು. ಆದರೆ ಹಾಳಾದ ತಂತಿಯಲ್ಲಿ ಅರ್ಧ ಕೇಳಿದ ಮಾತನ್ನು ಪೂರ್ತಿ ಮಾಡಿಕೊಂಡು ಅಭ್ಯಾಸವಿದ್ದವಳಿಗೆ ಅರ್ಧ ಅಳಿಸಿದ ಸಾಲು ಎಷ್ಟು ದಿನ ಸತಾಯಿಸೀತು? ಸೆಪ್ಟೆಂಬರಿನ ಹೊತ್ತಿಗೆ ಅವಳು ವೃತ್ತಪತ್ರಿಕೆಯಂತೆ ಅದನ್ನು ಓದುತ್ತಿದ್ದಳು.

ಆಗಲೇ ಆರಿನ್ ಚರ್ಚಿನ ಹಿಂದಿನ ಕೋಣೆಯ ಓಕ್ ಪೆಟ್ಟಿಗೆಯ ಬೀಗ ತೆಗೆದು ಕೊಟ್ಟ. ಅದರಲ್ಲಿ ಊರಿನ ಮೊದಲ ಪಾದ್ರಿಯ ದಿನಚರಿ ಇತ್ತು. ಇಲಿ ತಿಂದ ಅಂಚು, ಕಂದಿದ ಮಸಿ. ಮೂರನೆಯ ದಿನ ಮಧ್ಯಾಹ್ನ, 1696ರ ಏಪ್ರಿಲ್ ತಿಂಗಳ ಪುಟದಲ್ಲಿ, ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಹಿಮ ಕರಗಿದ ಮೇಲೆ ಹಳ್ಳದ ಬಳಿ ಒಂದು ಮಗುವಿನ ದೇಹ ಸಿಕ್ಕಿತು. ಮುಖ ಗುರುತು ಹಿಡಿಯುವಂತಿರಲಿಲ್ಲ. ಎನೋಸನು ಇದು ತನ್ನ ಕೆಜಾಯಳೇ ಎಂದನು. ಕೂದಲು ಬೇರೆಯೆಂದು ನನಗೆ ತೋರಿತು. ಆದರೆ ಮರ್ಸಿಯು ಅದನ್ನು ಅಪ್ಪಿಕೊಂಡು ಬಿಡಲೊಲ್ಲದ ಕಾರಣ ನಾನು ಸುಮ್ಮನಾದೆನು."

ಮರ್ಸಿ ಎಂದರೆ ಎನೋಸನ ಹೆಂಡತಿ. ವರ್ನಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದಳು. ಅದೇ ಸಾಲು. ಅಂದು ಮನೆಗೆ ಹೋಗುವಾಗ ಸ್ಮಶಾನದ ದಾರಿ ಬಿಟ್ಟು ಸುತ್ತುಹಾಕಿಕೊಂಡು ಹೋದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಮರುದಿನದಿಂದ ಅವಳು ಒಂದೊಂದೇ ಹಾಳೆ ತಿರುವುತ್ತ ಮುಂದೆ ಹೋದಳು. ಹದಿನೆಂಟು ವರ್ಷಗಳ ಹವೆ, ಬೆಳೆ, ಸಾವು, ಪ್ರಾರ್ಥನೆ. ಮರ್ಸಿ ಪ್ರತಿ ಭಾನುವಾರ ಕಲ್ಲಿನ ಬಳಿ ಕೂರುತ್ತಾಳೆಂದು ಪಾದ್ರಿ ನಾಲ್ಕು ಕಡೆ ಬರೆದಿದ್ದ. 1714ರ ಜುಲೈ ಬಂತು.

"ಎನೋಸನ ಹಿಂಬಾಗಿಲಿಗೆ ಒಬ್ಬ ಹೆಂಗಸು ಬಂದಿದ್ದಾಳೆ. ಮೊಹಾಕರ ಉಡುಪು, ಬೆನ್ನಿನ ಮೇಲೆ ಕೂಸು. ನಮ್ಮ ಮಾತು ಬಾರದು. ಕೆಜಾಯ, ಕೆಜಾಯ ಎಂದು ಎದೆ ಮುಟ್ಟಿಕೊಂಡು ಹೇಳುತ್ತಾಳೆ. ಎನೋಸನು ಆ ಹೆಸರಿನ ಮಗಳೊಬ್ಬಳು ಮನೆಯೊಳಗಿದ್ದಾಳೆ, ಇನ್ನೊಬ್ಬಳು ಮಣ್ಣಿನೊಳಗಿದ್ದಾಳೆ, ಮೂರನೆಯವಳು ತನಗಿಲ್ಲ ಎಂದನು. ನಾಲ್ಕನೆಯ ದಿನ ಅವಳು ಹೊರಟುಹೋದಳು. ನಾನೂ ಬಾಯಿ ತೆರೆಯಲಿಲ್ಲ. ದೇವರು ಕ್ಷಮಿಸಲಿ."

ವರ್ನಾ ಪುಸ್ತಕವನ್ನು ಮುಚ್ಚಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದಳು. ಹೊರಗೆ ಬಿಸಿಲಿತ್ತು, ಮೇಪಲ್ ಮರಗಳು ಕೆಂಪಾಗಿದ್ದವು, ಯಾರೋ ಕುಂಬಳಕಾಯಿಯ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು. ಆ ಬಿಸಿಲಿನಲ್ಲೇ ಅವಳ ಬಲಗಿವಿಯಲ್ಲಿ ಸ್ಪಷ್ಟವಾಗಿ ಒಂದು ದನಿ ಕೇಳಿಸಿತು.

"ವರ್ನಾ? ಇದೀಯಾ?"

ಆ ದನಿ ಯಾರದೆಂದು ಅವಳು ಯೋಚಿಸಬೇಕಾಗಿರಲಿಲ್ಲ.

ಅವಳ ತಂಗಿ ಕೆಜಾಯ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಾಗದದ ಗಿರಣಿಯ ಕೂಲಿಯವನ ಜೊತೆ ಮನೆ ಬಿಟ್ಟಿದ್ದಳು. ಅವನು ಅಮೆಡೀ ಎಂಬ ಫ್ರೆಂಚ್ ಕ್ಯಾಥಲಿಕ್, ಹ್ಯಾಡ್ಲಾಕರು ಪ್ರಾಟೆಸ್ಟಂಟರು. ಅಪ್ಪ ಏಸಾ ಹ್ಯಾಡ್ಲಾಕ್ ಅವಳ ಕುರ್ಚಿಯನ್ನು ಅಟ್ಟಕ್ಕೆ ಹಾಕಿ, ಇನ್ನು ಆ ಹೆಸರು ಈ ಮನೆಯಲ್ಲಿ ಕೇಳಿಸಬಾರದು ಎಂದಿದ್ದ. ಮೂರು ವರ್ಷವಾದ ಮೇಲೆ, 1934ರ ಜನವರಿಯ ಒಂದು ಬೆಳಿಗ್ಗೆ, ವರ್ನಾಳ ಮುಂದಿನ ಹಲಗೆಯಲ್ಲಿ ಹೊರಊರಿನ ದೀಪ ಹೊತ್ತಿತು. "ನಂಬರ್ ಹೇಳಿ," ಎಂದಳು ವರ್ನಾ.

"ನಲವತ್ತೇಳು." ಅದು ಅವರ ಮನೆಯದೇ ನಂಬರು. ಸ್ವಲ್ಪ ತಡೆದು, "ವರ್ನಾ, ನೀನೇನಾ?"

ಬೆನ್ನ ಹಿಂದೆ ಮೇಲ್ವಿಚಾರಕಿ ಕೂತಿದ್ದಳು. ತಂತಿಯಲ್ಲಿ ಸ್ವಂತ ಮಾತು ಆಡುವಂತಿರಲಿಲ್ಲ. "ಕನೆಕ್ಟ್ ಮಾಡ್ತಿದೀನಿ," ಎಂದು ವರ್ನಾ ತಂತಿ ಚುಚ್ಚಿದಳು. ಚುಚ್ಚಿದವಳು ಕಿವಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲಿಲ್ಲ.

"ಅಪ್ಪ, ನಾನು ಕೆಜಾಯ. ನಂಗೆ ಹೆಣ್ಣುಮಗು ಆಗಿದೆ ಅಪ್ಪ."

"ಆ ಹೆಸರಿನ ಮಗಳು ನನಗಿಲ್ಲ," ಎಂದ ಅಪ್ಪ. ಸಿಟ್ಟಿರಲಿಲ್ಲ ದನಿಯಲ್ಲಿ. ದಾರಿ ತಪ್ಪಿ ಬಂದ ಮಾರಾಟಗಾರನಿಗೆ ಹೇಳಿದ ಹಾಗೆ ಹೇಳಿ ಫೋನಿಟ್ಟ. ತಂತಿ ಮಾತ್ರ ಇನ್ನೂ ತೆರೆದಿತ್ತು. ಉಸಿರು ಕೇಳಿಸುತ್ತಿತ್ತು. ಆಮೇಲೆ ಆ ದನಿ, "ವರ್ನಾ? ಇದೀಯಾ?" ಎಂದಿತು.

ವರ್ನಾ ತಂತಿಯನ್ನು ಕಿತ್ತಳು.

ಅಷ್ಟೇ ನಡೆದದ್ದು. ಸಂಜೆ ಮನೆಗೆ ಬಂದು ಅಪ್ಪನಿಗೆ ಬೀನ್ಸ್ ಬಡಿಸಿದಳು. ಅವನೂ ಏನೂ ಹೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಇಬ್ಬರೂ ಹಾಗೆಯೇ ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಉಂಡರು. ಆಮೇಲೆ ಅಪ್ಪ ಸತ್ತ.

ದಿನಚರಿ ಓದಿದ ಮೇಲೆ ವರ್ನಾಳ ಮನೆಯಲ್ಲಿ ನೆಮ್ಮದಿ ಹೋಯಿತು. ಎನೋಸನ ಮನೆಯಿದ್ದ ಜಾಗದಲ್ಲೇ ನಿಂತ ಆ ಮನೆ ಎರಡು ಸಲ ಸುಟ್ಟು ಎರಡು ಸಲ ಕಟ್ಟಿದ್ದು. ಆದರೆ ಹಿಂಬಾಗಿಲ ಮೆಟ್ಟಿಲ ಚಪ್ಪಡಿ ಮಾತ್ರ ಎನೋಸ್ ಹಾಕಿದ್ದೇ. ಅವಳು ದಿನಾ ಕಸ ಗುಡಿಸಿ ಹಾಕುತ್ತಿದ್ದುದು ಆ ಚಪ್ಪಡಿಯ ಮೇಲೆ. ಈಗ ಅದನ್ನು ದಾಟಲು ಕಾಲು ಬರುತ್ತಿರಲಿಲ್ಲ. ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ, ಬರೆಯುತ್ತ ಕೂತಿದ್ದಾಗ, ಚಪ್ಪಡಿಯ ಮೇಲೆ ಯಾರೋ ಕಾಲು ಬದಲಿಸಿ ನಿಂತ ಸದ್ದು. ಬಾಗಿಲು ಬಡಿಯುವುದಿಲ್ಲ. ಬರೀ ನಿಂತಿರುತ್ತಾರೆ. ಬೆಕ್ಕು ಕಿವಿ ನೆಟ್ಟಗೆ ಮಾಡಿ ಬಾಗಿಲನ್ನೇ ನೋಡುತ್ತದೆ. ತೆರೆದರೆ ಯಾರೂ ಇಲ್ಲ. ಅಕ್ಟೋಬರಿನಲ್ಲಿ ನಾಲ್ಕು ಸಲ ಎದ್ದು ತೆರೆದಳು. ನವೆಂಬರಿನಿಂದ ಬಾಗಿಲನ್ನು ತೆರೆದಿಟ್ಟುಕೊಂಡೇ, ಕೋಟು ಹೊದ್ದು ಕೂತು ಬರೆದಳು.

ಆರಿನ್ ಹಾಗೆ ಬಂದು ನೋಡಿ ಗಾಬರಿಯಾದ. "ಏನೇ ಇದು? ಊರಿಗೆಲ್ಲ ಒಲೆ ಹಚ್ತಿದೀಯಾ? ನ್ಯುಮೋನಿಯಾ ಬಂದು ಸಾಯ್ತೀಯ."

ವರ್ನಾ ಅವನ ಮುಂದೆ ನಕಲು ಮಾಡಿದ ಹಾಳೆ ಇಟ್ಟಳು. ಅವನು ತುಟಿ ಅಲ್ಲಾಡಿಸುತ್ತ ಓದಿದ. ಮುಗಿಸಿ, ಹಾಳೆಯನ್ನು ಮಗುಚಿ ಹಾಕಿದ.

"ಪಾದ್ರಿ ಮುದುಕ. ಏನೋ ಗೀಚಿದಾನೆ."

"ಆಗ ಅವನಿಗೆ ನಲವತ್ತೈದು ಆರಿನ್. ನಿನಗಿಂತ ಚಿಕ್ಕೋನು."

"ವರ್ನಾ, ಅಯೋವಾದಿಂದ, ಒರೆಗಾನ್‌ನಿಂದ ಜನ ಬರ್ತಿದಾರೆ. ಮಕ್ಕಳು ಮರಿ ಕಟ್ಕೊಂಡು. ಎನೋಸಜ್ಜ ಸ್ವಂತ ಮಗಳನ್ನ ಬಾಗಿಲಿಂದ ಓಡಿಸ್ದ ಅಂತ ಅವರ ಕೈಗೆ ಬರ್ದು ಕೊಡ್ತೀಯಾ?"

"ಓಡಿಸಲಿಲ್ಲ. ಇಲ್ಲ ಅಂದ."

"ಎರಡಕ್ಕೂ ಏನು ವ್ಯತ್ಯಾಸ?"

"ಅದೇ ನಂಗೂ ಗೊತ್ತಾಗ್ತಿಲ್ಲ," ಎಂದಳು ವರ್ನಾ. ಅವಳ ಮುಖ ನೋಡಿ ಆರಿನ್ ಟೋಪಿ ತೆಗೆದುಕೊಂಡು ಹೊರಟ.

ಆ ಚಳಿಗಾಲ ಅವಳು ಕೆನಡಾದ ಗಡಿಯಾಚೆ, ದೊಡ್ಡ ನದಿಯ ದಂಡೆಯ ಮೊಹಾಕರ ಊರುಗಳ ಚರ್ಚುಗಳಿಗೆ ಕಾಗದ ಬರೆದಳು. ಮೂರಕ್ಕೆ ಉತ್ತರ ಬರಲಿಲ್ಲ. ನಾಲ್ಕನೆಯದಕ್ಕೆ ಏಪ್ರಿಲಿನಲ್ಲಿ ಬಂತು. ಚರ್ಚಿನವರಲ್ಲ, ಆ ಊರಿನ ಒಬ್ಬ ಮುದುಕಿ ಪೆನ್ಸಿಲಿನಲ್ಲಿ ಬರೆದದ್ದು. "ಕೆಸಾಯ ಅಂತ ನಮ್ಮನೇಲಿ ಒಬ್ಬಳಿದ್ದಳು. ಬಾ, ಹೇಳ್ತೀನಿ. ಅಗಾತ್."

ವರ್ನಾ ಎರಡು ಬಸ್ಸು ಬದಲಿಸಿ ಹೋದಳು. ಅಗಾತ್‌ಗೆ ಎಂಬತ್ತೊಂದು. ಗಂಡನೂ ಮೂವರು ಮಕ್ಕಳೂ ನ್ಯೂಯಾರ್ಕಿನ ಎತ್ತರದ ಕಟ್ಟಡಗಳಿಗೆ ಉಕ್ಕಿನ ತೊಲೆ ಜೋಡಿಸುವವರಾದ್ದರಿಂದ ಅವಳು ಇಪ್ಪತ್ತು ವರ್ಷ ಬ್ರೂಕ್ಲಿನ್‌ನಲ್ಲಿ ಸಂಸಾರ ಮಾಡಿದ್ದಳು. ವರ್ನಾಳ ಇಂಗ್ಲಿಷ್ ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು. ಬಾಗಿಲಲ್ಲೇ ವರ್ನಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕಳು.

"ಬಾರಮ್ಮ ಒಳಗೆ. ನಮ್ಮೋಳು ನಿಮ್ಮನೆಗೆ ಬಂದಾಗ ಹೊಸ್ತಿಲು ದಾಟಿಸಲಿಲ್ಲವಂತೆ. ನಾವು ಹಾಗಲ್ಲ."

ವರ್ನಾ ಅಲ್ಲೇ ಅತ್ತುಬಿಟ್ಟಳು. ಅಪ್ಪನ ಹೆಣದ ಮುಂದೆ ಅಳದವಳು.

"ಅಯ್ಯೋ, ತಮಾಷೆಗೆ ಅಂದೆ ಕಣಮ್ಮ," ಎಂದು ಅಗಾತ್ ಅವಳನ್ನು ಕೂರಿಸಿ, ಮೆಕ್ಕೆಜೋಳದ ಹಿಟ್ಟಿಗೆ ಕೆಂಪು ಕಾಳು ಕಲಸಿ ಬೇಯಿಸಿದ ದಪ್ಪ ರೊಟ್ಟಿಯ ಮೇಲೆ ಸಾರು ಸುರಿದು ಕೊಟ್ಟಳು. "ತಿನ್ನು. ತಿಂದ್ರೆ ಹೇಳ್ತೀನಿ."

ಅವಳ ಅಜ್ಜಿ ಹೇಳಿದ್ದು, ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ದಾಳಿಯಲ್ಲಿ ಹಿಡಿದು ತಂದ ಹುಡುಗಿಯನ್ನು, ಜ್ವರದಲ್ಲಿ ಮಗಳನ್ನು ಕಳೆದುಕೊಂಡ ಹೆಂಗಸೊಬ್ಬಳು ಸಾಕಿಕೊಂಡಳು. ಹುಡುಗಿ ಚೆನ್ನಾಗಿ ಬೆಳೆದಳು, ಮದುವೆಯಾದಳು. ಹಳೆಯ ಮಾತೆಲ್ಲ ಮರೆತುಹೋಯಿತು. ತನ್ನ ಹೆಸರು, ಒಂದು ಹಸುವಿನ ಹೆಸರು, ಎರಡೇ ಉಳಿದದ್ದು. ಮೊದಲ ಕೂಸು ಹುಟ್ಟಿದ ಮೇಲೆ ತಾಯಿಗೆ ತೋರಿಸಿ ಬರುತ್ತೇನೆಂದು ಗಂಡನೊಡನೆ ದೋಣಿ ಹತ್ತಿದಳು.

"ಆ ಮನೆಯೋರು ಸ್ಮಶಾನದ ಕಲ್ಲು ತೋರಿಸಿ ಬಾಗಿಲು ಹಾಕ್ಕೊಂಡ್ರು. ಗಂಡ ನದಿ ಹತ್ರ ದೋಣಿ ಕಾಯ್ತಿದ್ದ, ಇವಳು ದನದ ಕೊಟ್ಟಿಗೆಯಲ್ಲಿ ಮೂರು ದಿನ ಇದ್ಲು. ಮೂರು ದಿನಾನೂ ಬೆಳಿಗ್ಗೆ ಬಾಗಿಲು ಇಷ್ಟೇ ಇಷ್ಟು ತೆರೀತಿತ್ತಂತೆ." ಅಗಾತ್ ಎರಡು ಬೆರಳು ಅಗಲಿಸಿ ತೋರಿಸಿದಳು. "ಒಂದು ಕೈ ಬಂದು ಚಪ್ಪಡಿ ಮೇಲೆ ಹಾಲು, ರೊಟ್ಟಿ ಇಟ್ಟು ಹೋಗ್ತಿತ್ತು. ಮುಖ ಇಲ್ಲ. ಕೈ ಮಾತ್ರ. ಅದು ಅಮ್ಮನ ಕೈ ಅಂತ ಇವಳಿಗೆ ಗೊತ್ತು. ನಾಲ್ಕನೇ ದಿನ ಕೈ ಬರಲಿಲ್ಲ. ಎದ್ದು ಬಂದ್ಲು."

"ಬೈದ್ಲಾ? ಶಾಪ ಹಾಕಿದ್ಲಾ?"

"ಇಲ್ಲ. ಸಾಯೋವರೆಗೂ ಒಂದೇ ಕೇಳ್ತಿದ್ಲಂತೆ. ನನ್ನ ಹೆಸರು ಕೆತ್ತಿರೋ ಕಲ್ಲು ತೋರಿಸಿದ್ರಲ್ಲ, ಅದರ ಕೆಳಗೆ ಮಲಗಿರೋ ಮಗು ಯಾರ್ದು? ಅದರ ತಾಯಿ ಅದನ್ನ ಎಲ್ಲಿ ಹುಡುಕ್ತಿದಾಳೆ? ಅಂತ."

ಇಷ್ಟು ತಿಂಗಳೂ ವರ್ನಾ ಬಾಗಿಲಲ್ಲಿ ನಿಂತವಳನ್ನೇ ಯೋಚಿಸಿದ್ದಳು. ಮಣ್ಣಿನಲ್ಲಿ ಮಲಗಿದ್ದನ್ನು ಒಂದು ದಿನವೂ ಯೋಚಿಸಿರಲಿಲ್ಲ.

ಅಗಾತ್ ತಟ್ಟೆ ತೆಗೆಯುತ್ತ ಕೇಳಿದಳು. "ಅಷ್ಟು ಹಿಂದಿನೋರನ್ನ ಹುಡುಕ್ಕೊಂಡು ಇಷ್ಟು ದೂರ ಬಂದೆಯಲ್ಲ, ನಿಂಗೆ ಒಡಹುಟ್ಟಿದೋರು ಯಾರೂ ಇಲ್ವಾ?"

ವರ್ನಾ ಮೊದಲ ಸಲ ಆ ಟೆಲಿಫೋನಿನ ಬೆಳಿಗ್ಗೆಯನ್ನು ಬಾಯಿಬಿಟ್ಟು ಹೇಳಿದಳು. ಅಗಾತ್ ಸಮಾಧಾನ ಮಾಡಲಿಲ್ಲ. ತಪ್ಪು ಎಂದೂ ಹೇಳಲಿಲ್ಲ. "ಹಾಗಾದ್ರೆ ನೀನು ತಪ್ಪು ಕಡೆಯಿಂದ ಶುರು ಮಾಡಿದೀಯ," ಎಂದಳು, ಅಷ್ಟೇ.

ಊರಿಗೆ ಮರಳಿದ ವರ್ನಾ ಫ್ರೆಂಚ್ ಕ್ಯಾಥಲಿಕರ ಚರ್ಚುಗಳ ಮದುವೆ ಮತ್ತು ಸಾವಿನ ಪಟ್ಟಿಗಳನ್ನು ಹಿಡಿದು ಕೂತಳು. ಇಪ್ಪತ್ತಾರು ದಿನ ಹಿಡಿಯಿತು. ತಂಗಿ ಕೆಜಾಯ ಆ ಫೋನು ಮಾಡಿದ ಎರಡು ವರ್ಷಕ್ಕೆ ಕ್ಷಯದಿಂದ ಸತ್ತಿದ್ದಳು. ಇಡೀ ಊರಿನ ಸುದ್ದಿ ದಾಟಿಸಿದ ವರ್ನಾಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಗಳಿದ್ದಳು, ರೋಸಾಲೀ. ವಯಸ್ಸು ಇಪ್ಪತ್ತೇಳು, ರೋಡ್ ಐಲೆಂಡಿನ ಒಂದು ಗಿರಣಿ ಊರಿನಲ್ಲಿ ಹೊಲಿಗೆ ಕೆಲಸ. ವರ್ನಾ ಒಂಬತ್ತು ಸಲ ಬರೆದು ಹರಿದು ಹತ್ತನೆಯದನ್ನು ಅಂಚೆಗೆ ಹಾಕಿದಳು. ಫೋನಿನ ವಿಷಯ ಮುಚ್ಚಿಡದೆ ಬರೆದಳು.

ಜುಲೈಯಲ್ಲಿ ಉತ್ತರ ಬಂತು. "ನೀವು ಬರೆದದ್ದು ಓದಿದೆ. ಅಮ್ಮನ ಕಡೆಯವರು ಯಾರೂ ಇಲ್ಲ ಎಂದು ನನ್ನನ್ನು ಬೆಳೆಸಿದರು. ನನಗೆ ಅದೇ ರೂಢಿಯಾಗಿದೆ. ನಿಮ್ಮ ಪುಸ್ತಕದಲ್ಲಿ ನನ್ನ ಹೆಸರು ಹಾಕಬೇಡಿ. ಅಮ್ಮನದು ಹಾಕಿ." ಕೆಳಗೆ ಸಹಿ. ಒರಟಾಗಿರಲಿಲ್ಲ. ಆ ಸಮಾಧಾನದ ದನಿ ಯಾರ ಬಳುವಳಿಯೆಂದು ವರ್ನಾಳಿಗೆ ಗೊತ್ತಿತ್ತು. ಅಪ್ಪ ಫೋನಿನಲ್ಲಿ ಮಾತಾಡಿದ್ದು ಹೀಗೆಯೇ. ಕಾಗದವನ್ನು ಮಡಚಿ ಬೈಬಲ್ಲಿನೊಳಗಿಟ್ಟಳು. ಮತ್ತೆ ಬರೆದು ಅವಳಿಗೆ ತೊಂದರೆ ಕೊಡಲಿಲ್ಲ.

ಆಗಸ್ಟಿನ ಕೂಟಕ್ಕೆ ಇನ್ನೂರ ಹನ್ನೊಂದು ಹ್ಯಾಡ್ಲಾಕರು ಬಂದರು. ಹುಲ್ಲಿನ ಮೇಲೆ ಮೇಜು, ಬೇಯಿಸಿದ ಬೀನ್ಸ್, ಹಂದಿಮಾಂಸ, ಬ್ಲೂಬೆರಿ ಪೈ. ಬ್ಯಾಂಡಿನವರು ಊದಿದರು. ಆರಿನ್ ಗ್ರಾನೈಟ್ ಕಲ್ಲಿನ ಮೇಲಿಂದ ಬಟ್ಟೆ ಸರಿಸಿದ. ಪುಸ್ತಕ ಚೆಂದವಾಗಿ ಅಚ್ಚಾಗಿತ್ತು. ದಿನಚರಿಯ ಪುಟವನ್ನು ಆರಿನ್ ಮುದ್ರಣಾಲಯದಲ್ಲಿ ತೆಗೆಸಿದ್ದ. ಅದು ವರ್ನಾಳಿಗೆ ಮೊದಲೇ ಗೊತ್ತಿತ್ತು. ಜಗಳವಾಡಿರಲಿಲ್ಲ. ಹಂಚುವ ಮೇಜಿನ ಹಿಂದೆ ತಾನೇ ಕೂತು, ಒಂದೊಂದು ಪ್ರತಿಯನ್ನು ಕೊಡುವಾಗಲೂ ಒಳಗೆ ಕೈಯಿಂದ ಬರೆದ ಒಂದು ಹಾಳೆ ಸೇರಿಸಿ ಕೊಟ್ಟಳು. ಮನೆಗೊಂದು ಪುಸ್ತಕದಂತೆ ತೊಂಬತ್ತು ಹಾಳೆ. ಎರಡು ತಿಂಗಳ ಬರವಣಿಗೆ. ಅದರಲ್ಲಿ ಎನೋಸ್, ಮರ್ಸಿ, ಬಾಗಿಲಿಗೆ ಬಂದ ಕೆಜಾಯ ಇದ್ದರು. ಏಸಾ ಹ್ಯಾಡ್ಲಾಕ್, ಅವನ ಮಗಳು ಕೆಜಾಯ, ತಂತಿ ಕಿತ್ತ ಅಕ್ಕ ವರ್ನಾ ಕೂಡ ಇದ್ದರು.

ಆರಿನ್ ಮಧ್ಯಾಹ್ನದ ಹೊತ್ತಿಗೆ ಒಂದನ್ನು ತೆರೆದು ನೋಡಿದ. ನಡೆದು ಬಂದು ಅವಳ ಮುಂದೆ ನಿಂತ. ಬೈಯುತ್ತಾನೆಂದು ಅವಳು ಕಾದಳು.

"ನೀನು ಫೋನಲ್ಲಿ ಕೇಳಿಸ್ಕೊಂಡಿದ್ದು... ನಂಗೆ ಯಾವತ್ತೂ ಹೇಳಲೇ ಇಲ್ವಲ್ಲೇ," ಎಂದ.

"ನೀನು ಯಾವತ್ತೂ ಕೇಳಲಿಲ್ಲ."

ಅವನು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಉಳಿದ ಪುಸ್ತಕಗಳನ್ನು ಇಬ್ಬರೂ ಸೇರಿ ಹಂಚಿದರು. ಹಾಳೆಯನ್ನು ಓದಿ ಕೆಲವರು ವಾಪಸು ತಂದುಕೊಟ್ಟರು. ಅಯೋವಾದ ಒಬ್ಬ ಮುದುಕಿ ಮಾತ್ರ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ವರ್ನಾ ಆಮೇಲೆ ಹತ್ತು ವರ್ಷ ಬದುಕಿದಳು. ಆ ಹತ್ತು ವರ್ಷವೂ ಹುಡುಕಿದ್ದು ಹಳ್ಳದ ಬಳಿ ಸಿಕ್ಕಿದ ಮಗುವನ್ನು. 1696ರ ಚಳಿಗಾಲದಲ್ಲಿ ಆ ನದಿಯ ಗುಂಟ ಕಾಣೆಯಾದ ಮಕ್ಕಳ ಪಟ್ಟಿ ಮಾಡಿದಳು. ಹನ್ನೊಂದು ಇದ್ದದ್ದು ಐದಕ್ಕೆ ಇಳಿಯಿತು, ಐದು ಮೂರಕ್ಕೆ. ಕೆಳಗಿನೂರಿನ ಕಮ್ಮಾರನ ಮಗಳು, ಒಬ್ಬ ಸೇವಕಿಯ ಹೆಸರಿಲ್ಲದ ಹುಡುಗಿ, ದಾಳಿಗೆ ಬಂದವರ ಜೊತೆಯಲ್ಲೇ ಬಂದು ಹಿಮದಲ್ಲಿ ಹಿಂದುಳಿದ ಒಂದು ಮಗು. ಮೂರನೆಯದನ್ನು ಅಗಾತ್ ಕಾಗದದಲ್ಲಿ ತಿಳಿಸಿದ್ದಳು. ಅವರ ಊರಿನಲ್ಲೂ ಯಾರೋ ಒಬ್ಬ ತಾಯಿ ಕಾದಿದ್ದಳಂತೆ.

ಚಪ್ಪಡಿಯ ಮೇಲೆ ಕೇಳಿಸುತ್ತದೆಂದು ಅವಳು ಹೇಳಿದ್ದ ಕಾಲ ಸದ್ದು ನಿಂತಿತೇ ಎಂದು ಆರಿನ್ ಒಮ್ಮೆ ಕೇಳಿದ್ದ. "ಇಲ್ಲ. ಆದ್ರೆ ಈಗ ಹಗುರವಾಗಿ ಕೇಳ್ಸುತ್ತೆ. ಮಕ್ಕಳ ಕಾಲಿನ ಥರ," ಎಂದಿದ್ದಳು.

ಅವಳು ಸತ್ತ ವಸಂತದಲ್ಲಿ ಮೇಜಿನ ಮೇಲೆ ಆ ಮೂರು ಮಕ್ಕಳ ಪಟ್ಟಿಯ ಹಾಳೆ ಇತ್ತು. ಯಾವುದನ್ನೂ ಹೊಡೆದು ಹಾಕಿರಲಿಲ್ಲ. ಆರಿನ್ ಅದನ್ನು ಚರ್ಚಿನ ಓಕ್ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕದೆ ಬಂದ.